ಮನೆಯಲ್ಲೇ ದುಡಿಮೆ: ಮುಂಗಡ ಕಟ್ಟುವ ಮುನ್ನ ಪರೀಕ್ಷಿಸಿ



ಒಕ್ಕಲುತನದ ಕೆಲಸ ಹನ್ನೆರಡು ತಿಂಗಳೂ ಒಂದೇ ಸಮನಾಗಿರುವುದಿಲ್ಲ. ಜಗಳೂರಿನ ಮಳೆಯಾಶ್ರಿತ ಹೊಲಗಳಲ್ಲಿ ಮೆಕ್ಕೆಜೋಳ, ಶೇಂಗಾ ಒಕ್ಕಣೆ ಮುಗಿದರೆ ಮುಂದಿನ ಮುಂಗಾರಿನವರೆಗೆ ಕೈಗೆ ಕೆಲಸ ಕಡಿಮೆ. ಹೊನ್ನಾಳಿ, ನ್ಯಾಮತಿ ಕಡೆ ಭತ್ತದ ಕೊಯ್ಲಾದ ಮೇಲೆ, ಚನ್ನಗಿರಿ ಕಡೆ ಅಡಿಕೆ ಸುಲಿಯುವ ಕಾಲ ಕಳೆದ ಮೇಲೆ ಹೆಣ್ಣುಮಕ್ಕಳಿಗೂ, ಓದಿ ಮನೆಯಲ್ಲಿರುವ ಯುವಕರಿಗೂ ಬಿಡುವು ಹೆಚ್ಚು. ಆಗ ಮನೆಯಲ್ಲೇ ಕುಳಿತು ನಾಲ್ಕು ಕಾಸು ಸಂಪಾದಿಸಬೇಕೆಂಬ ಆಸೆ ಯೋಗ್ಯವಾದುದೇ. ಆದರೆ ಈ ಆಸೆಯನ್ನೇ ಬಂಡವಾಳ ಮಾಡಿಕೊಂಡು ಹಣ ಲಪಟಾಯಿಸುವವರೂ ಇದ್ದಾರೆ.

ನಿಮ್ಮ ಮನೆಗೆ ಅಡಿಕೆ ಸುಲಿಯಲು ಬಂದವರಿಂದ ನೀವು ಠೇವಣಿ ಕೇಳುವುದಿಲ್ಲ. ಸುಲಿದ ಲೆಕ್ಕಕ್ಕೆ ಕೂಲಿ ಕೊಡುತ್ತೀರಿ. ಕೆಲಸ ಕೊಡುವವನೇ ಮೊದಲು ಹಣ ಕೇಳಿದರೆ ಅವನು ನಿಮಗೆ ಕೆಲಸ ಕೊಡಲು ಬಂದವನಲ್ಲ, ನಿಮ್ಮ ಹಣಕ್ಕಾಗಿ ಬಂದವನು. ಈ ಒಂದು ಮಾತನ್ನು ನೆನಪಿಟ್ಟರೆ ಬಹುಪಾಲು ಮೋಸದಿಂದ ಪಾರಾಗಬಹುದು.

ವಂಚನೆಯ ಬಗೆಗಳು

ಮೊದಲನೆಯದು ಯಂತ್ರದ ಆಮಿಷ. ದೀಪದ ಬತ್ತಿ, ಊದುಬತ್ತಿ ಅಥವಾ ಹಾಳೆ ತಟ್ಟೆ ಮಾಡುವ ಯಂತ್ರವನ್ನು ಹೆಚ್ಚಿನ ಬೆಲೆಗೆ ಮಾರಿ, ತಯಾರಾದ ಮಾಲನ್ನೆಲ್ಲ ತಾವೇ ಕೊಳ್ಳುವುದಾಗಿ ಛಾಪಾ ಕಾಗದದ ಮೇಲೆ ಬರೆದುಕೊಡುತ್ತಾರೆ. ಒಂದೆರಡು ಬಾರಿ ಹಣವೂ ಬರುತ್ತದೆ. ಬಳಿಕ ‘ಗುಣಮಟ್ಟ ಸಾಲದು’ ಎಂದು ಮಾಲು ಹಿಂದಿರುಗುತ್ತದೆ. ಕೊನೆಗೆ ಕಚೇರಿಗೆ ಬೀಗ ಬೀಳುತ್ತದೆ.

ಎರಡನೆಯದು ಮೊಬೈಲಿನಲ್ಲಿ ಬರುವ ಕೆಲಸ. ವಿಡಿಯೊ ಮೆಚ್ಚಿದರೆ, ಹೋಟೆಲಿಗೆ ಅಂಕ ಕೊಟ್ಟರೆ ಹಣವೆಂದು ಅಪರಿಚಿತರು ಸಂದೇಶ ಕಳಿಸುತ್ತಾರೆ. ಮೊದಲು ನೂರಿನ್ನೂರು ರೂಪಾಯಿ ನಿಜವಾಗಿಯೂ ಜಮಾ ಆಗುತ್ತದೆ. ನಂಬಿಕೆ ಕುದುರಿದ ಮೇಲೆ ‘ಸಾವಿರ ಕಟ್ಟಿ, ಹೆಚ್ಚಿಗೆ ಪಡೆಯಿರಿ’ ಎನ್ನುತ್ತಾರೆ. ಮೊತ್ತ ದೊಡ್ಡದಾದಾಗ ಹಣ ತಡೆಹಿಡಿದು, ಬಿಡಿಸಿಕೊಳ್ಳಲು ಇನ್ನಷ್ಟು ಕೇಳುತ್ತಾರೆ.

ಮೂರನೆಯದು ಹೆಚ್ಚು ಅಪಾಯಕರ. ‘ನಿಮ್ಮ ಬ್ಯಾಂಕ್ ಖಾತೆ ಬಳಸಲು ಕೊಡಿ, ಕಮಿಷನ್ ಕೊಡುತ್ತೇವೆ’ ಎನ್ನುವವರು ಕದ್ದ ಹಣವನ್ನು ಅದರ ಮೂಲಕ ಸಾಗಿಸುತ್ತಾರೆ. ಖಾತೆ ಸ್ಥಗಿತವಾಗುವುದೂ, ಪೊಲೀಸರು ವಿಚಾರಿಸುವುದೂ ಖಾತೆದಾರನನ್ನೇ.

ಎಮು ಸಾಕಾಣಿಕೆ ಕಲಿಸಿದ ಪಾಠ

ತಮಿಳುನಾಡಿನ ಈರೋಡ್ ಜಿಲ್ಲೆಯ ಪೆರುಂದುರೈನಲ್ಲಿದ್ದ ಸುಸಿ ಎಮು ಫಾರ್ಮ್ಸ್, 1.5 ಲಕ್ಷ ರೂಪಾಯಿ ಕಟ್ಟಿದವರಿಗೆ 6 ಮರಿ, ಶೆಡ್ಡು ಮತ್ತು ಆಹಾರ ಒದಗಿಸಿ, ತಿಂಗಳಿಗೆ 6,000 ರೂಪಾಯಿ ಹಾಗೂ ವರ್ಷಕ್ಕೆ 20,000 ರೂಪಾಯಿ ಬೋನಸ್ಸು ಕೊಡುವುದಾಗಿ ಹೇಳಿತ್ತು. ಲೆಕ್ಕ ಹಾಕಿ ನೋಡಿ. ವರ್ಷಕ್ಕೆ 92,000 ರೂಪಾಯಿ ಆಯಿತು. ಆರು ಹಕ್ಕಿಗಳು ತಮ್ಮ ಮೇವಿನ ಖರ್ಚನ್ನೂ ಕಳೆದು ಇಷ್ಟು ದುಡಿಯಬೇಕು. ಆದರೆ ಎಮು ಮಾಂಸಕ್ಕಾಗಲಿ ಎಣ್ಣೆಗಾಗಲಿ ಅಂಥ ಪೇಟೆಯೇ ಇರಲಿಲ್ಲ. ಹೊಸಬರು ಕಟ್ಟಿದ ಹಣವೇ ಹಳಬರಿಗೆ ಹೋಗುತ್ತಿತ್ತು. 2012ರ ಆಗಸ್ಟಿನಲ್ಲಿ ಅದು ಕುಸಿದು, ಸಾವಿರಾರು ಕುಟುಂಬಗಳು ಹಣ ಕಳೆದುಕೊಂಡವು.

ಒಪ್ಪುವ ಮುನ್ನ ಮಾಡಬೇಕಾದ ಪರೀಕ್ಷೆ

ಬಿತ್ತನೆಗೆ ಮೊದಲು ನೂರು ಕಾಳನ್ನು ಒದ್ದೆ ಗೋಣಿತಾಟಿನಲ್ಲಿಟ್ಟು ಮೊಳಕೆ ಎಣಿಸುವುದು ನಿಮಗೆ ತಿಳಿದ ಕ್ರಮ. ಕೆಲಸದ ವಿಷಯದಲ್ಲೂ ಹೀಗೆಯೇ ಮಾಡಿ.

1. ಯಂತ್ರವಿಲ್ಲದೆ ಮಾಲನ್ನಷ್ಟೇ ಕೊಳ್ಳುವಿರಾ ಎಂದು ಕೇಳಿ. ಒಪ್ಪದಿದ್ದರೆ ಅವರ ವ್ಯಾಪಾರ ಯಂತ್ರದ್ದೇ ಎಂದು ತಿಳಿಯಿರಿ.

2. ದಾವಣಗೆರೆಯ ಸಗಟು ಅಂಗಡಿಗಳಲ್ಲಿ ಅದೇ ಮಾಲಿನ ಬೆಲೆ ವಿಚಾರಿಸಿ. ಕಂಪನಿ ಪೇಟೆಗಿಂತ ಬಹಳ ಹೆಚ್ಚು ಕೊಡುತ್ತೇನೆಂದರೆ ಆ ಹಣ ಎಲ್ಲಿಂದ ಬರುತ್ತದೆಂದು ಯೋಚಿಸಿ.

3. ‘ವಿದೇಶಕ್ಕೆ ರಫ್ತು’ ಎಂಬ ಮಾತಿಗೆ ಮರುಳಾಗಬೇಡಿ. ಪ್ರಾಮಾಣಿಕ ಉದ್ಯಮದಲ್ಲೂ ಪೇಟೆ ನಿಲ್ಲುವುದುಂಟು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಿಕೆ ಹಾಳೆಯ ತಟ್ಟೆಗಳನ್ನು ಆಹಾರಕ್ಕೆ ಬಳಸಬಾರದೆಂದು ಸೂಚಿಸಿ, ತಯಾರಕರು ತೊಂದರೆಗೊಳಗಾದರು.

4. ಕನಿಷ್ಠ ಒಂದು ವರ್ಷದಿಂದ ಮಾಲು ಕೊಡುತ್ತಿರುವವರನ್ನು ನೀವೇ ಹುಡುಕಿ ಮಾತನಾಡಿಸಿ. ಕಂಪನಿ ತೋರಿಸಿದವರ ಮಾತಷ್ಟೇ ಸಾಲದು.

5. ನೋಂದಣಿ ಪತ್ರ, ಜಿಎಸ್‌ಟಿ ಸಂಖ್ಯೆ ಇದ್ದ ಮಾತ್ರಕ್ಕೆ ನಂಬಬೇಡಿ. ಅವು ಕಂಪನಿ ಇದೆಯೆಂದು ಹೇಳುತ್ತವೆ, ಪ್ರಾಮಾಣಿಕವೆಂದು ಹೇಳುವುದಿಲ್ಲ.

6. ಹಣ ಪಡೆಯಲು ಯುಪಿಐ ಗುಪ್ತಸಂಖ್ಯೆ ಒತ್ತಬೇಕಾಗಿಲ್ಲ. ಒಟಿಪಿ, ಪಾಸ್‌ಬುಕ್, ಎಟಿಎಂ ಕಾರ್ಡು ಯಾರಿಗೂ ಕೊಡಬೇಡಿ.

7. ‘ಇಂದೇ ಕೊನೆಯ ದಿನ’ ಎಂದರೆ ಅಂದು ಹಣ ಕಟ್ಟಲೇಬೇಡಿ. ಮನೆಯವರೊಡನೆ ಕೂತು ಮಾತನಾಡಿ.

ಹಣ ಹೋದರೆ

ನಾಚಿಕೆಯಿಂದ ಸುಮ್ಮನಿರಬಾರದು. ಮೊಬೈಲಿನ ಮೂಲಕ ಹಣ ಹೋಗಿದ್ದರೆ ತಕ್ಷಣವೇ 1930ಕ್ಕೆ ಕರೆಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗೆ ಜಾರುವ ಮೊದಲೇ ತಡೆಯುವ ಅವಕಾಶ ಹೆಚ್ಚು. ದಾವಣಗೆರೆಯ ಸಿ.ಇ.ಎನ್. ಠಾಣೆಯಲ್ಲೂ ದೂರು ಕೊಡಬಹುದು. ಸಂದೇಶ, ರಶೀದಿ, ಕರಾರು ಪತ್ರ ಯಾವುದನ್ನೂ ಅಳಿಸದೆ, ಹರಿಯದೆ ಕಾಪಾಡಿರಿ. ಠೇವಣಿ ಸಂಗ್ರಹಿಸಿ ಪರಾರಿಯಾದವರ ವಿರುದ್ಧ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆ, 2019 ಇದೆ. ಮೋಸಹೋದವರು ಒಟ್ಟಾಗಿ ದೂರಿದರೆ ಅದಕ್ಕೆ ಬಲ ಬರುತ್ತದೆ.

ಭರವಸೆಯ ದಾರಿ

ಉಪಕಸುಬು ಕಲಿಯಲು ಹಣ ಸುರಿಯಬೇಕಾಗಿಲ್ಲ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಮಾದರಿಯಲ್ಲೇ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಊಟ, ವಸತಿ ಸಹಿತ ಉಚಿತ ತರಬೇತಿ ಕೊಡುತ್ತವೆ. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರವನ್ನೂ ಸಂಪರ್ಕಿಸಬಹುದು. ಮೊದಲು ಕಲಿಯಿರಿ, ಸ್ವಲ್ಪವೇ ತಯಾರಿಸಿ ಸಮೀಪದ ಸಂತೆಯಲ್ಲಿ ಮಾರಿ ನೋಡಿ. ಮಾಲು ಖರ್ಚಾಗುವುದು ಖಾತ್ರಿಯಾದ ಮೇಲೆ ಯಂತ್ರದ ಮಾತು. ಬೆವರು ಸುರಿಸಿ ಗಳಿಸಿದ ಸುಗ್ಗಿಯ ಹಣವನ್ನು ಅಪರಿಚಿತನ ಮಾತಿಗೆ ಒಪ್ಪಿಸುವ ಮುನ್ನ ಈ ಪರೀಕ್ಷೆಯನ್ನು ತಪ್ಪದೆ ಮಾಡಿರಿ; ನೆರೆಹೊರೆಯವರಿಗೂ ತಿಳಿಸಿರಿ.