ಮರುಬಳಕೆಯ ಆಯಿಲ್ ಫಿಲ್ಟರ್: ಅಯಸ್ಕಾಂತದ ಆಯ್ಕೆ

ಕಚ್ಚಾ ಹಾದಿಯ ಮೋಟಾರ್‌ಸೈಕಲ್‌ಗಳಲ್ಲಿ ಬಹುಪಾಲು ಫೋರ್-ಸ್ಟ್ರೋಕ್ ಎಂಜಿನ್‌ಗಳಿಗೆ, ಗೇರ್‌ಬಾಕ್ಸ್ ಹಾಗೂ ಕ್ಲಚ್‌ಗೂ ಸೇರಿ, ಒಂದೇ ಆಯಿಲ್. ಗೇರಿನ ಹಲ್ಲು ಸವೆದು ಉದುರುವ ಉಕ್ಕಿನ ಪುಡಿ ಅದರೊಡನೆಯೇ ಸುತ್ತುತ್ತದೆ. ತೊಳೆದು ಬಳಸುವ ಸ್ಟೇನ್‌ಲೆಸ್ ಸ್ಟೀಲ್ ಜಾಲರಿಯ ಫಿಲ್ಟರ್‌ಗೆ ಅಯಸ್ಕಾಂತವನ್ನು ಜೋಡಿಸುವುದು, ಜಾಲರಿಯಲ್ಲಿ ನುಸುಳುವ ಈ ಪುಡಿಗಾಗಿಯೇ. ಪಿಸ್ಟನ್ನಿನ ಅಲ್ಯೂಮಿನಿಯಂ, ಬುಷ್‌ಗಳ ಕಂಚು ಅದಕ್ಕೆ ಅಂಟವು. ‘ಎಲ್ಲ ಲೋಹವನ್ನೂ ಸೆಳೆಯುತ್ತದೆ’ ಎಂದು ಪೊಟ್ಟಣದ ಮೇಲೆ ಮುದ್ರಿಸುವುದು ಸಲ್ಲದು.

ತಯಾರಕರು ಎಡವುವುದು ಅಯಸ್ಕಾಂತದ ಖರೀದಿಯಲ್ಲಿ. ಅಗ್ಗದ ಸಾಧಾರಣ ದರ್ಜೆಯ ನಿಯೋಡಿಮಿಯಂ ಸುಮಾರು 80 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ ಯೋಗ್ಯ. ದುಡಿಯುವ ಎಂಜಿನ್ನಿನ ಆಯಿಲ್ 100 ಡಿಗ್ರಿ ಮೀರುವುದು ಸಾಮಾನ್ಯ. ಹಾಗೆ ಕುಂದಿದ ಬಲ ತಣಿದ ಮೇಲೂ ಪೂರ್ತಿ ಮರಳದು. 150 ಡಿಗ್ರಿ ತಾಳುವ ಎಸ್‌ಎಚ್ ದರ್ಜೆ ಅಥವಾ ಸಮೇರಿಯಂ ಕೋಬಾಲ್ಟ್ ದುಬಾರಿಯಾದರೂ ಲೇಸು. ಖರೀದಿ ಆದೇಶದಲ್ಲಿ ದರ್ಜೆಯನ್ನು ನಮೂದಿಸಿ, ಮಾದರಿಯನ್ನು ಬಿಸಿ ಆಯಿಲ್‌ನಲ್ಲಿರಿಸಿ, ತಣಿದ ಬಳಿಕ ಸೆಳೆತವನ್ನು ಮತ್ತೆ ಅಳೆಯತಕ್ಕದ್ದು.