ಮೊಳೆಯಿಲ್ಲದ ಹಡಗು, ಮರೆಯಬಾರದ ಕಸುಬು

2025ರ ಡಿಸೆಂಬರ್ 29ರಂದು ಗುಜರಾತಿನ ಪೋರಬಂದರಿನಿಂದ ಹೊರಟ ಹಾಯಿಹಡಗೊಂದು 2026ರ ಜನವರಿ 14ರಂದು ಒಮಾನಿನ ಮಸ್ಕತ್ ತಲುಪಿತು. ಸುಮಾರು 1,400 ಕಿಲೋಮೀಟರ್ ಎಂದು ಅಂದಾಜಿಸಲಾಗಿದ್ದ ಹಾದಿಗೆ ಹದಿನಾರು ದಿನ. ಸರಾಸರಿ ಲೆಕ್ಕ ಹಾಕಿದರೆ ಗಂಟೆಗೆ ಮೂರೂವರೆ ಕಿಲೋಮೀಟರಿನಷ್ಟಾಯಿತು. ಬೆಳಗಿನ ವಾಯುವಿಹಾರಕ್ಕೆ ಹೊರಟ ನಿವೃತ್ತರು ಇದಕ್ಕಿಂತ ಬಿರುಸಾಗಿ ನಡೆಯುತ್ತಾರೆ. ವಿಮಾನದಲ್ಲಿ ಕೆಲವೇ ಗಂಟೆಗಳಲ್ಲಿ ಮುಗಿಯುವ ಪ್ರಯಾಣಕ್ಕೆ ನೌಕಾಪಡೆಯ ಸಿಬ್ಬಂದಿ ಇಷ್ಟು ದಿನ ಕಡಲಿನಲ್ಲಿ ತೂಗಾಡಬೇಕಿತ್ತೇ, ಸರ್ಕಾರದ ಬೊಕ್ಕಸದಿಂದ ಇದಕ್ಕೆ ಹಣ ಸುರಿಯಬೇಕಿತ್ತೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯನ್ನು ಅಸಂಗತ ಎನ್ನಲಾಗದು. ಉತ್ತರ ಬೇಕಿದ್ದರೆ ಹಡಗಿನ ವೇಗವನ್ನು ಬಿಟ್ಟು ಅದನ್ನು ಕಟ್ಟಿದ ಬಗೆಯನ್ನು ನೋಡಬೇಕು.

ಐಎನ್‌ಎಸ್‌ವಿ ಕೌಂಡಿನ್ಯ ಎಂಬ ಈ ಹಡಗು ಕನ್ನಡಿಗರಿಗೆ ದೂರದ್ದೇನಲ್ಲ. ಗೋವಾದ ಹೋಡಿ ಇನ್ನೋವೇಷನ್ಸ್ ಸಂಸ್ಥೆಯ ಅಂಗಳದಲ್ಲಿ ನಿರ್ಮಾಣಗೊಂಡು 2025ರ ಫೆಬ್ರುವರಿಯಲ್ಲಿ ನೀರಿಗಿಳಿದ ಇದು, ಅದೇ ವರ್ಷ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆಗೆ ಸೇರ್ಪಡೆಯಾಯಿತು. ಹಾಯಿಯ ಮೇಲೆ ನಮ್ಮ ರಾಜ್ಯಲಾಂಛನದಲ್ಲಿರುವ ಅದೇ ಗಂಡಭೇರುಂಡ. ಮುಂಭಾಗದ ತುದಿಯಲ್ಲಿ ಸಿಂಹಯಾಳಿ. ಮೇಲಟ್ಟದಲ್ಲಿ ಹರಪ್ಪ ಕಾಲದ ಮಾದರಿಯ ಕಲ್ಲಿನ ಲಂಗರು. ಉದ್ದ ಸುಮಾರು 20 ಮೀಟರ್, ಅಗಲ ಆರೂವರೆ ಮೀಟರ್. ಎಂಜಿನ್ ಇಲ್ಲ. ಹಲಗೆಗಳನ್ನು ಕೂಡಿಸಲು ಒಂದು ಕಬ್ಬಿಣದ ಮೊಳೆಯೂ ಇಲ್ಲ. ಇಡೀ ಹಡಗನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿಯಲಾಗಿದೆ.

ಹಡಗನ್ನು ಹೊಲಿಯುವುದೆಂದರೇನು? ಹಲಗೆಗಳನ್ನು ಹಬೆಗೊಡ್ಡಿ ಬಾಗಿಸಿ, ಅಂಚಿಗೆ ಅಂಚು ತಾಗುವಂತೆ ನಿಲ್ಲಿಸಿ, ಎರಡೂ ಅಂಚುಗಳುದ್ದಕ್ಕೆ ಸಾಲಾಗಿ ತೂತು ಕೊರೆಯುತ್ತಾರೆ. ಸಂದಿನ ಮೇಲೆ ತೆಂಗಿನ ನಾರಿನ ಉದ್ದನೆಯ ಕಟ್ಟನ್ನಿರಿಸಿ, ಕತ್ತದ ಹಗ್ಗವನ್ನು ತೂತಿನಿಂದ ತೂತಿಗೆ ಅಡ್ಡಡ್ಡಲಾಗಿ ಪೋಣಿಸಿ ಬಲವಾಗಿ ಬಿಗಿಯುತ್ತಾರೆ. ಬಳಿಕ ತೂತುಗಳನ್ನು ಮುಚ್ಚಿ ಮರದ ರಾಳವನ್ನು ಬಳಿಯುತ್ತಾರೆ. ನೀರಿಗಿಳಿದಾಗ ಮರವೂ ನಾರೂ ಉಬ್ಬಿ ಸಂದು ಇನ್ನಷ್ಟು ಬಿಗಿಯಾಗುತ್ತದೆ. ಯುರೋಪಿನ ದೊಡ್ಡ ಹಾಯಿಹಡಗುಗಳಲ್ಲಿ ಮೊದಲು ಪಕ್ಕೆಲುಬಿನಂಥ ಚೌಕಟ್ಟು, ಅನಂತರ ಅದರ ಮೇಲೆ ಹಲಗೆಯ ಹೊದಿಕೆ. ಹೊಲಿಗೆಯ ಹಡಗಿನಲ್ಲಿ ಕ್ರಮ ತಿರುವುಮುರುವು. ಮೊದಲು ಹಲಗೆಯ ಚಿಪ್ಪು ಸಿದ್ಧವಾಗುತ್ತದೆ, ಪಕ್ಕೆಲುಬುಗಳು ಒಳಗೆ ಆಮೇಲೆ ಬಂದು ಕೂರುತ್ತವೆ. ಅಂದರೆ ಹಡಗಿನ ಆಕಾರ ಕಸುಬುದಾರನ ಕಣ್ಣಳತೆಯಲ್ಲಿರುತ್ತದೆ. ಕಾಗದದ ನಕ್ಷೆಯ ಹಂಗು ಅವನಿಗಿರಲಿಲ್ಲ.

ಈ ವಿದ್ಯೆಯ ಬಗ್ಗೆ ಹಿಂದಿನ ಪ್ರವಾಸಿಗರಲ್ಲಿ ಏಕಾಭಿಪ್ರಾಯವಿರಲಿಲ್ಲ. ಹದಿಮೂರನೆಯ ಶತಮಾನದಲ್ಲಿ ಹೊರ್ಮುಜ್ ಬಂದರಿನಲ್ಲಿ ಇಂಥ ಹಡಗುಗಳನ್ನು ಕಂಡ ಮಾರ್ಕೊ ಪೋಲೊ ಅವು ತೀರ ಕಳಪೆಯವೆಂದೂ ಎಷ್ಟೋ ಹಡಗುಗಳು ಕಡಲುಪಾಲಾಗುತ್ತವೆಂದೂ ಬರೆದ. ಮುಂದಿನ ಶತಮಾನದಲ್ಲಿ ಬಂದ ಇಬ್ನ್ ಬತೂತ ಬೇರೆಯೇ ಮಾತು ಹೇಳಿದ: ಮೊಳೆ ಹೊಡೆದ ಹಡಗು ಬಂಡೆಗೆ ಬಡಿದರೆ ಒಡೆದುಹೋಗುತ್ತದೆ, ಹೊಲಿದ ಹಡಗಾದರೋ ಪೆಟ್ಟನ್ನು ತಾಳಿಕೊಂಡು ಬಳುಕುತ್ತದೆ. ಭೋಜರಾಜನ ಹೆಸರಿನಲ್ಲಿರುವ ‘ಯುಕ್ತಿಕಲ್ಪತರು’ ಕಬ್ಬಿಣ ಬೇಡವೆನ್ನಲು ಕೊಡುವ ಕಾರಣ ಕಡಲೊಳಗಿನ ಅಯಸ್ಕಾಂತದ ಬಂಡೆಗಳು. ಅದು ಕಟ್ಟುಕತೆ. ಆದರೆ ಬತೂತನ ಮಾತಿನಲ್ಲಿ ಯಾಂತ್ರಿಕ ಸತ್ಯವಿದೆ. ಬಂದರುಕಟ್ಟೆಗಳಿಲ್ಲದ ಮರಳು ದಂಡೆಗಳಲ್ಲಿ ಅಲೆಯೊಡನೆ ಬಂದು ನೆಲ ತಾಗುವ ಹಡಗಿಗೆ ಬಿಗಿತಕ್ಕಿಂತ ಬಳುಕು ಹೆಚ್ಚು ಉಪಯುಕ್ತ. ಅದಕ್ಕೆ ತೆರಬೇಕಾದ ಬೆಲೆಯೂ ಉಂಟು. ಹೊಲಿಗೆಯ ಹಡಗು ಸದಾ ನೀರು ಜಿನುಗಿಸುತ್ತದೆ, ಆಗಾಗ ಮರುಹೊಲಿಗೆ ಕೇಳುತ್ತದೆ, ಫಿರಂಗಿಯ ಒದೆತವನ್ನು ತಡೆಯಲಾರದು. 1498ರ ನಂತರ ಪೋರ್ಚುಗೀಸರ ಫಿರಂಗಿ ಹಡಗುಗಳು ನಮ್ಮ ಕಡಲಿಗೆ ಬಂದ ಮೇಲೆ ಕಬ್ಬಿಣದ ಮೊಳೆಯ ಬಳಕೆ ಹರಡಿದ್ದಕ್ಕೆ ಇದೂ ಒಂದು ಕಾರಣವೆಂದು ವಿದ್ವಾಂಸರು ಹೇಳುತ್ತಾರೆ.

ಕೌಂಡಿನ್ಯದ ವಿನ್ಯಾಸ ಬಂದದ್ದು ಅಜಂತಾದ ಗುಹೆಯಲ್ಲಿರುವ ಐದನೆಯ ಶತಮಾನದ ಚಿತ್ರವೊಂದರಿಂದ. ಚಿತ್ರಕಾರ ಹಡಗುಕಟ್ಟುವವನಲ್ಲ, ಅವನು ತೋರಿಸಿದ್ದು ಒಂದು ಪಕ್ಕವನ್ನು ಮಾತ್ರ. ನೀರಿನಡಿಯ ಹೊಟ್ಟೆ ಎಷ್ಟು ದುಂಡಗಿತ್ತು, ಹಾಯಿಕಂಬ ಎಷ್ಟು ಭಾರ ಹೊರುತ್ತಿತ್ತು ಎಂಬುದನ್ನು ಗೋಡೆಯ ಬಣ್ಣ ಹೇಳದು. 2023ರ ಜುಲೈನಲ್ಲಿ ಸಂಸ್ಕೃತಿ ಸಚಿವಾಲಯ, ನೌಕಾಪಡೆ ಮತ್ತು ಹೋಡಿ ಸಂಸ್ಥೆಗಳ ನಡುವೆ ಒಪ್ಪಂದವಾದ ಮೇಲೆ, ಮದ್ರಾಸ್ ಐಐಟಿಯಲ್ಲಿ ಹಡಗಿನ ಮಾದರಿಯನ್ನು ನೀರಿನಲ್ಲಿ ಪರೀಕ್ಷಿಸಿ ಈ ತೆರಪುಗಳನ್ನು ತುಂಬಲಾಯಿತು. ಆದ್ದರಿಂದ ಇದನ್ನು ಯಾವುದೋ ಪ್ರಾಚೀನ ಹಡಗಿನ ನಕಲು ಎನ್ನುವುದು ತಪ್ಪು. ಇದು ಮರ ಮತ್ತು ಹಗ್ಗದಲ್ಲಿ ಬರೆದ ಒಂದು ಊಹೆ. ಊಹೆಯನ್ನು ಪರೀಕ್ಷಿಸಲು ಇರುವ ಪ್ರಯೋಗಶಾಲೆ ಕಡಲೊಂದೇ.

ಇಂಥ ಹಡಗು ಕಡಲಿನಲ್ಲಿ ನಡೆದುಕೊಳ್ಳುವ ರೀತಿಯೇ ಬೇರೆ. ಹಾಯಿಗಳು ಚೌಕಾಕಾರದವು, ಅಡ್ಡಮರಕ್ಕೆ ತೂಗುಬಿಟ್ಟ ಬಟ್ಟೆಗಳು. ಹಿಂದಿನಿಂದ ಬೀಸುವ ಗಾಳಿಗೆ ಅವು ಎದೆಯುಬ್ಬಿಸಿ ಎಳೆಯುತ್ತವೆ. ಗಾಳಿ ಎದುರಾದರೆ ನಿಸ್ಸಹಾಯಕ. ಇಂದಿನ ಪಂದ್ಯದ ಹಾಯಿದೋಣಿಗಳು ಎದುರುಗಾಳಿಗೆ ಸುಮಾರು 45 ಡಿಗ್ರಿ ಓರೆಯಾಗಿ ಮುನ್ನಡೆಯಬಲ್ಲವು. ಚೌಕ ಹಾಯಿಯ ಹಡಗು ಅಷ್ಟು ಹತ್ತಿರ ಹೋಗಲು ಯತ್ನಿಸಿದರೆ ಮುಂದೆ ಸಾಗುವುದಕ್ಕಿಂತ ಪಕ್ಕಕ್ಕೆ ಸರಿಯುವುದೇ ಹೆಚ್ಚು. ಸರಕು ತುಂಬಲೆಂದು ಅಗಲವಾದ ಒಡಲು ಅಲೆಗಳ ಮೇಲೆ ತೊಟ್ಟಿಲಿನಂತೆ ಹೊರಳುತ್ತದೆ. ದಿಕ್ಕು ತಿರುಗಿಸಲು ಹಿಂಭಾಗದ ನಡುವೆ ಚುಕ್ಕಾಣಿಯಿಲ್ಲ, ಪಕ್ಕದಲ್ಲಿ ಕಟ್ಟಿದ ದೊಡ್ಡ ಹುಟ್ಟುಗಳಿವೆ. ಹಡಗು ಒಂದು ಕಡೆಗೆ ವಾಲಿದಾಗ ಆ ಬದಿಯ ಹುಟ್ಟು ಆಳಕ್ಕಿಳಿದರೆ ಇನ್ನೊಂದು ನೀರಿನಿಂದ ಮೇಲೇಳುತ್ತದೆ. ಅದನ್ನು ಹಿಡಿದವನ ತೋಳುಗಳಿಗೆ ಬಿಡುವಿಲ್ಲ.

ಇವನ್ನೆಲ್ಲ ಕೊರತೆಗಳ ಪಟ್ಟಿಯಾಗಿ ಓದಬಾರದೆಂಬುದು ನನ್ನ ಅಭಿಪ್ರಾಯ. ಅರಬ್ಬೀ ಸಮುದ್ರದಲ್ಲಿ ಗಾಳಿ ವರ್ಷಕ್ಕೆರಡು ಬಾರಿ ದಿಕ್ಕು ಬದಲಿಸುತ್ತದೆ. ಚಳಿಗಾಲದಲ್ಲಿ ಈಶಾನ್ಯದಿಂದ, ಮಳೆಗಾಲದಲ್ಲಿ ನೈಋತ್ಯದಿಂದ. ಹೋಗುವಾಗ ಒಂದು ಗಾಳಿ, ಬರುವಾಗ ಇನ್ನೊಂದು ಗಾಳಿ ಎಂದು ಕಾಯಬಲ್ಲವನಿಗೆ ಎದುರುಗಾಳಿಯಲ್ಲಿ ಸೆಣಸುವ ಹಡಗು ಬೇಕಾಗಿರಲಿಲ್ಲ. ಕೌಂಡಿನ್ಯ ಡಿಸೆಂಬರಿನಲ್ಲಿ ಹೊರಟದ್ದು ಇದೇ ಲೆಕ್ಕಾಚಾರದಿಂದ. ಹಡಗಿನ ಅರ್ಧ ವಿನ್ಯಾಸ ಮರದಲ್ಲಿದ್ದರೆ ಉಳಿದರ್ಧ ಪಂಚಾಂಗದಲ್ಲಿತ್ತು ಎಂದರೆ ಅತಿಶಯೋಕ್ತಿಯಾಗದು.

ಆದರೆ ಇಂಥ ಸಾಹಸಗಳ ಸುತ್ತ ಗತವೈಭವದ ಜಯಘೋಷ ಏಳುವುದು ನಮ್ಮಲ್ಲಿ ವಾಡಿಕೆ. ಕೌಂಡಿನ್ಯನೆಂಬ ಭಾರತೀಯ ಕಡಲು ದಾಟಿ ಫುನಾನ್ ದೇಶದ ರಾಣಿಯನ್ನು ವರಿಸಿದನೆಂಬ ಐತಿಹ್ಯ ಸುಂದರವಾದುದೇ. ಹಾಗೆಂದು ಹಿಂದೂ ಮಹಾಸಾಗರದ ನೌಕಾವಿದ್ಯೆಯನ್ನು ಒಂದೇ ದೇಶದ ಸ್ವತ್ತೆಂದು ಸಾಧಿಸಲು ಹೊರಡುವುದು ಇತಿಹಾಸಕ್ಕೆ ಒಗ್ಗದು. 1980ರ ನವೆಂಬರಿನಲ್ಲಿ ಟಿಮ್ ಸೆವೆರಿನ್ ಒಮಾನಿನಿಂದ ಚೀನಾದ ಕ್ಯಾಂಟನ್‌ಗೆ ಹೊರಟ ‘ಸೊಹಾರ್’ ಕೂಡ ಹೊಲಿಗೆಯ ಹಡಗು. ಕಟ್ಟಿದ್ದು ಒಮಾನಿನ ಸೂರ್ ಪಟ್ಟಣದಲ್ಲಿ. ಮರ ಮಾತ್ರ ಮಲಬಾರಿನದು, ನಾವು ಹೆಬ್ಬಲಸು ಎನ್ನುವ ಮರ. ಹೊಲಿದವರು ಲಕ್ಷದ್ವೀಪದವರು. ಅರಬರ ಹಡಗೋ ಭಾರತೀಯರದೋ ಎಂದು ಕೇಳಿದರೆ ಎರಡೂ ಹೌದು. ಕಡಲಿಗೆ ಒಂದೇ ದಡವಿರುವುದಿಲ್ಲ.

ಕೌಂಡಿನ್ಯವನ್ನು ಹೊಲಿದದ್ದು ಬಾಬು ಶಂಕರನ್ ಅವರ ನೇತೃತ್ವದ ಕೇರಳದ ಕುಶಲಕರ್ಮಿಗಳ ತಂಡ. ನನ್ನನ್ನು ಹೆಚ್ಚು ಕಾಡುವುದು ಈ ಸಂಗತಿ. ಕರ್ನಾಟಕದ ಕರಾವಳಿಗೂ ಈ ವಿದ್ಯೆಯೊಂದಿಗೆ ನಂಟಿದೆ. ಲಕ್ಷದ್ವೀಪದ ಅಮಿನ್‌ದೀವಿ ದ್ವೀಪಗಳು 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿನ ಕತ್ತಕ್ಕೆ ಮಂಗಳೂರೇ ಮಾರುಕಟ್ಟೆ. ಕರಾವಳಿಯಲ್ಲಿ ಬೆಳೆದ ನಾನು ಮಚವೆ, ಮಂಜಿ, ಪತ್ತೆಮಾರಿ ಎಂಬ ಹೆಸರುಗಳನ್ನು ಹಿರಿಯರ ಬಾಯಲ್ಲಿ ಕೇಳಿದವನು. ನನ್ನ ಮಕ್ಕಳಿಗೆ ಆ ಪದಗಳು ನಿಘಂಟಿನವು. ಹೆಸರು ಮಾಯವಾದರೆ ಅದರ ಹಿಂದಿನ ಕಸುಬು ಎಷ್ಟು ದಿನ ಉಳಿದೀತು? ನಕ್ಷೆಯಲ್ಲಿ ಬರೆದಿಡದ ವಿದ್ಯೆ ಗುರುವಿನ ಕೈಯಿಂದ ಶಿಷ್ಯನ ಕೈಗೆ ದಾಟಬೇಕು. ಒಂದು ತಲೆಮಾರು ತಪ್ಪಿದರೆ ಕೊಂಡಿ ಕಳಚಿತು.

ಹಾಗಾಗಿ ಪ್ರಯಾಣದ ಸಂಭ್ರಮ ಮುಗಿದ ಮೇಲೆ ಆಗಬೇಕಾದ ಎರಡು ಕೆಲಸಗಳಿವೆ. ಮೊದಲನೆಯದು, ಮಾದರಿ ಪರೀಕ್ಷೆಯಿಂದ ಮಸ್ಕತ್ ಯಾನದವರೆಗಿನ ಅಳತೆಗಳನ್ನೂ ಅನುಭವಗಳನ್ನೂ, ಏನು ಕೆಟ್ಟಿತು ಎಂಬುದನ್ನೂ ಸೇರಿಸಿ, ಸಾರ್ವಜನಿಕರಿಗೆ ಒದಗಿಸುವುದು. ಎರಡನೆಯದು, ಕಾರವಾರದಲ್ಲೋ ಮಂಗಳೂರಿನಲ್ಲೋ ಕರಾವಳಿಯ ಯುವಕರು ಈ ಕಸುಬನ್ನು ಸಂಬಳ ಪಡೆದು ಕಲಿಯುವಂಥ ವ್ಯವಸ್ಥೆ. ಹಡಗಿಗೆ ತಗಲಿದ ವೆಚ್ಚದ ಮುಂದೆ ಇದು ದೊಡ್ಡ ಮೊತ್ತವಾಗಲಾರದು.

ಕಲ್ಲಿನ ಸ್ಮಾರಕವನ್ನು ಕಟ್ಟಿ ಬೇಲಿ ಹಾಕಿಬಿಟ್ಟರೆ ನೂರು ವರ್ಷ ನಿಲ್ಲುತ್ತದೆ. ಹೊಲಿದ ಹಡಗಿಗೆ ಆ ಸವಲತ್ತಿಲ್ಲ. ಉಪ್ಪುನೀರಿನಲ್ಲಿ ಕತ್ತ ಸವೆಯುತ್ತದೆ, ಗಂಟು ಸಡಿಲವಾಗುತ್ತದೆ, ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕಬೇಕಾಗುತ್ತದೆ. ಕೌಂಡಿನ್ಯಕ್ಕೂ ಆ ದಿನ ಬಂದೇ ಬರುತ್ತದೆ. ಆಗ ಹಗ್ಗ ಹಿಡಿಯಬಲ್ಲ ಎಳೆಯ ಕೈಗಳು ಎಷ್ಟಿರುತ್ತವೆ ಎಂಬುದರ ಮೇಲೆ ಈ ಪ್ರಯೋಗದ ಗೆಲುವು ನಿರ್ಧಾರವಾಗಲಿದೆ.