ಸದನದ ಶಿಸ್ತು: ಮಾತಿಗೆ ರಕ್ಷಣೆಯುಂಟು, ಹಿಂಸೆಗಿಲ್ಲ

ಶಾಸನಸಭೆ ಎಂಬುದು ಮೂಲತಃ ಮಾತಿನ ಮನೆ. ಪಾರ್ಲಿಮೆಂಟ್ ಎಂಬ ಪದವೇ ‘ಮಾತನಾಡು’ ಎಂಬರ್ಥದ ಫ್ರೆಂಚ್ ಕ್ರಿಯಾಪದದಿಂದ ಬಂದದ್ದು. ಅಲ್ಲಿ ಮಾತು ಬಿರುಸಾಗುವುದು, ಗದ್ದಲವಾಗುವುದು ಹೊಸ ಸಂಗತಿಯಲ್ಲ. ಆದರೆ ಸದಸ್ಯರೊಬ್ಬರು ಸಹ ಸದಸ್ಯರ ಮೇಲೆ ಕೈಮಾಡಿದಾಗ ಅಥವಾ ಅವರಿಗೆ ಬೆದರಿಕೆಯೊಡ್ಡಿದಾಗ ಅದು ಕೇವಲ ಇಬ್ಬರ ಜಗಳವಾಗಿ ಉಳಿಯುವುದಿಲ್ಲ. ಪೆಟ್ಟು ತಿಂದವರನ್ನು ಆರಿಸಿ ಕಳುಹಿಸಿದ ಮತದಾರರ ಬಾಯನ್ನೂ ಮುಚ್ಚಿಸಿದಂತಾಗುತ್ತದೆ. ಹೀಗೆ ವರ್ತಿಸಿದವರನ್ನು ಯಾರು, ಯಾವ ಅಧಿಕಾರದಿಂದ, ಎಷ್ಟರಮಟ್ಟಿಗೆ ದಂಡಿಸಬಹುದು?

2014ರ ಫೆಬ್ರವರಿ 13ರಂದು ಲೋಕಸಭೆಯಲ್ಲಿ ಆಂಧ್ರ ಪ್ರದೇಶ ಪುನರ್ವಿಂಗಡಣಾ ವಿಧೇಯಕವನ್ನು ಮಂಡಿಸುವ ವೇಳೆಗೆ ಸದಸ್ಯರೊಬ್ಬರು ಸದನದೊಳಗೆ ಪೆಪ್ಪರ್ ಸ್ಪ್ರೇ ಸಿಂಪಡಿಸಿದರು. ಕಣ್ಣುರಿ ಮತ್ತು ಕೆಮ್ಮನ್ನು ತಾಳಲಾರದೆ ಸದಸ್ಯರು ಹೊರಗೆ ಧಾವಿಸಿದರು. ಕೆಲವರನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಸಭಾಧ್ಯಕ್ಷೆ ಮೀರಾ ಕುಮಾರ್ ಅವರು ಅಂದೇ ಹಲವು ಸದಸ್ಯರನ್ನು ಹೆಸರಿಸಿ ಅಮಾನತುಗೊಳಿಸಿದರು. ಅಮಾನತಿನ ಅವಧಿ ಐದು ಉಪವೇಶನಗಳು. ಸಂಸತ್ತಿನ ಇತಿಹಾಸದಲ್ಲಿಯೇ ಕಂಡರಿಯದ ಕೃತ್ಯಕ್ಕೆ ಸಭಾಧ್ಯಕ್ಷರು ತಾವಾಗಿಯೇ ತತ್‌ಕ್ಷಣ ವಿಧಿಸಬಹುದಾಗಿದ್ದ ದಂಡನೆ ಅಷ್ಟೇ ಆಗಿತ್ತು.

ಸಂವಿಧಾನದ 118ನೆಯ ಅನುಚ್ಛೇದದ ಮೇರೆಗೆ ಸಂಸತ್ತಿನ ಪ್ರತಿಯೊಂದು ಸದನವೂ ತನ್ನ ಕಾರ್ಯವಿಧಾನದ ನಿಯಮಗಳನ್ನು ತಾನೇ ರಚಿಸಿಕೊಳ್ಳುತ್ತದೆ. ರಾಜ್ಯಗಳ ಶಾಸನಸಭೆಗಳಿಗೆ 208ನೆಯ ಅನುಚ್ಛೇದವು ಇದೇ ಅಧಿಕಾರವನ್ನು ನೀಡಿದೆ. ಲೋಕಸಭೆಯ ನಿಯಮ 373ರ ಪ್ರಕಾರ ತೀರ ಅಶಿಸ್ತಿನಿಂದ ವರ್ತಿಸಿದ ಸದಸ್ಯರನ್ನು ಸಭಾಧ್ಯಕ್ಷರು ಹೊರಗೆ ಹೋಗುವಂತೆ ಆದೇಶಿಸಬಹುದು. ಅವರು ಆ ದಿನದ ಮಟ್ಟಿಗೆ ಸದನಕ್ಕೆ ಮರಳುವಂತಿಲ್ಲ. ಅದಕ್ಕಿಂತ ಗಂಭೀರವಾದ ಪ್ರಸಂಗದಲ್ಲಿ ನಿಯಮ 374ರಂತೆ ಸಭಾಧ್ಯಕ್ಷರು ಸದಸ್ಯರನ್ನು ‘ಹೆಸರಿಸು’ತ್ತಾರೆ. ಸಾಮಾನ್ಯವಾಗಿ ಸದನದಲ್ಲಿ ಸದಸ್ಯರನ್ನು ಗೌರವಾನ್ವಿತ ಸದಸ್ಯರೆಂದು ಸಂಬೋಧಿಸುವುದು ವಾಡಿಕೆ. ಪೀಠದಿಂದ ಹೆಸರು ಹಿಡಿದು ಕರೆಸಿಕೊಳ್ಳುವುದೇ ಒಂದು ಕಳಂಕವೆಂಬ ಭಾವನೆ ಈ ಪದದ ಹಿಂದಿದೆ. ಹೆಸರಿಸಿದ ಬಳಿಕ ಪ್ರಸ್ತಾವವೊಂದನ್ನು ಮಂಡಿಸಿ ಸದನ ಒಪ್ಪಿದರೆ ಅಧಿವೇಶನದ ಉಳಿದ ಅವಧಿಯವರೆಗೆ ಅಮಾನತು ಮಾಡಬಹುದು. 2001ರಲ್ಲಿ ಸೇರಿಸಿದ ನಿಯಮ 374-ಎ ಅನ್ವಯ ಪ್ರಸ್ತಾವದ ಅಗತ್ಯವೂ ಇಲ್ಲ. ಹೆಸರಿಸಿದೊಡನೆ ಐದು ಉಪವೇಶನಗಳು ಅಥವಾ ಅಧಿವೇಶನದ ಉಳಿದ ಭಾಗ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟು ಅವಧಿಯ ಅಮಾನತು ತಾನಾಗಿಯೇ ಜಾರಿಗೆ ಬರುತ್ತದೆ. ರಾಜ್ಯಸಭೆಯ ಸಭಾಪತಿಗಳಿಗೆ ಈ ಅಧಿಕಾರವಿಲ್ಲ. ಅಲ್ಲಿ ನಿಯಮ 256ರಡಿ ಸದನವೇ ಪ್ರಸ್ತಾವವನ್ನು ಅಂಗೀಕರಿಸಬೇಕು.

ಈ ನಿಯಮಗಳಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ. ಘೋಷಣೆ ಕೂಗಿದವರಿಗೂ ಕೈಮಾಡಿದವರಿಗೂ ಇರುವುದು ಒಂದೇ ಅಳತೆಗೋಲು. 1989ರ ಮಾರ್ಚ್‌ನಲ್ಲಿ ಲೋಕಸಭೆಯ 63 ಸದಸ್ಯರು ಒಂದೇ ದಿನ ಅಮಾನತುಗೊಂಡರು. 2023ರ ಡಿಸೆಂಬರ್‌ನಲ್ಲಿ ಎರಡೂ ಸದನಗಳು ಸೇರಿ 146 ಸದಸ್ಯರು. ಈ ಎರಡು ಸಂದರ್ಭಗಳಲ್ಲಿಯೂ ವಿಷಯ ಗದ್ದಲವೇ ಹೊರತು ಹೊಡೆದಾಟವಲ್ಲ. ಅಮಾನತುಗೊಂಡವರು ಸಭಾಂಗಣ, ಮೊಗಸಾಲೆ, ಗ್ಯಾಲರಿಗಳನ್ನು ಪ್ರವೇಶಿಸುವಂತಿಲ್ಲ. ಸಮಿತಿಗಳ ಸಭೆಗೆ ಹಾಜರಾಗುವಂತಿಲ್ಲ. ಅವರಿಗೆ ದಿನಭತ್ಯೆಯೂ ಇಲ್ಲ.

ಹಾಗಾದರೆ ಗಂಭೀರ ಕೃತ್ಯಕ್ಕೆ ದೀರ್ಘಕಾಲದ ಅಮಾನತು ವಿಧಿಸಬಾರದೇಕೆ? ಮುಂಬಯಿ, ಪುಣೆಗಳ ಓದುಗರಿಗೆ ಈ ಪ್ರಶ್ನೆ ಪರಿಚಿತವೇ ಆಗಿದೆ. 2021ರ ಜುಲೈ 5ರಂದು ಮಹಾರಾಷ್ಟ್ರ ವಿಧಾನಸಭೆಯು ಪೀಠಾಸೀನ ಅಧಿಕಾರಿಯೊಡನೆ ಅನುಚಿತವಾಗಿ ವರ್ತಿಸಿದರೆಂಬ ಆರೋಪದ ಮೇಲೆ 12 ಶಾಸಕರನ್ನು ಒಂದು ವರ್ಷದ ಕಾಲ ಅಮಾನತುಗೊಳಿಸಿತು. 2022ರ ಜನವರಿ 28ರಂದು ಸರ್ವೋಚ್ಚ ನ್ಯಾಯಾಲಯವು ಅದೇ ಅಧಿವೇಶನವನ್ನು ಮೀರಿದ ಅಮಾನತು ಸಂವಿಧಾನಬಾಹಿರವೆಂದು ತೀರ್ಪಿತ್ತಿತು. ನ್ಯಾಯಾಲಯದ ತರ್ಕ ಗಮನಾರ್ಹವಾದುದು. ಅಮಾನತಿನ ಉದ್ದೇಶ ಸದನದಲ್ಲಿ ಶಿಸ್ತನ್ನು ಮರಳಿ ತರುವುದೇ ಹೊರತು ಸೇಡಲ್ಲ. ಸದಸ್ಯರನ್ನು ಉಚ್ಚಾಟಿಸಿದರೆ ಸ್ಥಾನ ತೆರವಾಗಿ, ಸಾಮಾನ್ಯವಾಗಿ ಆರು ತಿಂಗಳೊಳಗೆ ಉಪಚುನಾವಣೆ ನಡೆದು ಮತಕ್ಷೇತ್ರಕ್ಕೆ ಹೊಸ ಪ್ರತಿನಿಧಿ ದೊರೆಯುತ್ತಾರೆ. ವರ್ಷದ ಅಮಾನತಿನಲ್ಲಿ ಸ್ಥಾನವೂ ತೆರವಾಗದು, ಪ್ರತಿನಿಧಿಯೂ ಇರರು. ಆದ್ದರಿಂದ ಅದು ಉಚ್ಚಾಟನೆಗಿಂತಲೂ ಕಠೋರವಾದುದು. ಅದರ ಶಿಕ್ಷೆ ಅನುಭವಿಸುವವರು ಮತದಾರರು.

ಕರ್ನಾಟಕದಲ್ಲಿಯೂ ಈ ಪ್ರಶ್ನೆ ಎದ್ದಿತು. 2020ರ ಡಿಸೆಂಬರ್ 15ರಂದು ವಿಧಾನಪರಿಷತ್ತಿನಲ್ಲಿ ಪೀಠದಲ್ಲಿ ಕುಳಿತಿದ್ದ ಉಪಸಭಾಪತಿಗಳನ್ನೇ ಸದಸ್ಯರು ಕೆಳಗೆಳೆದ ದೃಶ್ಯವನ್ನು ನಾಡಿಗೆ ನಾಡೇ ಕಂಡಿತು. 2025ರ ಮಾರ್ಚ್ 21ರಂದು ವಿಧಾನಸಭೆಯಲ್ಲಿ ಪೀಠದ ಬಳಿಗೆ ಏರಿ ಕಾಗದಗಳನ್ನು ಹರಿದೆಸೆದುದಕ್ಕಾಗಿ 18 ಶಾಸಕರನ್ನು ಆರು ತಿಂಗಳ ಕಾಲ ಅಮಾನತುಗೊಳಿಸಲಾಯಿತು. ಅವರು ಹೊರಹೋಗಲೊಪ್ಪದಿದ್ದಾಗ ಮಾರ್ಷಲ್‌ಗಳು ಎತ್ತಿಕೊಂಡು ಹೊರಗೆ ಒಯ್ಯಬೇಕಾಯಿತು. ಮೇ 25ರಂದು, ಅಂದರೆ ಅವಧಿಗೆ ಬಹಳ ಮುಂಚೆಯೇ, ಆ ಅಮಾನತನ್ನು ಹಿಂತೆಗೆದುಕೊಳ್ಳಲಾಯಿತು.

ಸದನದ ದಂಡನೆಗೆ ಇಷ್ಟು ಮಿತಿಗಳಿರುವಾಗ ಹಲ್ಲೆಗೊಳಗಾದ ಸದಸ್ಯರಿಗೆ ನ್ಯಾಯಾಲಯದ ಬಾಗಿಲು ತೆರೆದಿದೆಯೇ? ಇಲ್ಲಿ ಮಾತಿಗೂ ಕೃತ್ಯಕ್ಕೂ ಇರುವ ಅಂತರ ಮುಖ್ಯವಾಗುತ್ತದೆ. ಸದನದಲ್ಲಿ ಆಡಿದ ಮಾತು ಮತ್ತು ನೀಡಿದ ಮತಕ್ಕಾಗಿ ಯಾವ ಸಂಸತ್ ಸದಸ್ಯರ ಮೇಲೂ ನ್ಯಾಯಾಲಯದಲ್ಲಿ ಕ್ರಮ ಜರುಗಿಸಲಾಗದೆಂದು 105ನೆಯ ಅನುಚ್ಛೇದ ಹೇಳುತ್ತದೆ; ಶಾಸಕರಿಗೆ 194ನೆಯ ಅನುಚ್ಛೇದ ಇದೇ ರಕ್ಷಣೆ ನೀಡುತ್ತದೆ. ಈ ರಕ್ಷಣೆ ಕೆಲವೊಮ್ಮೆ ಕಹಿಯಾದುದೂ ಉಂಟು. 2023ರ ಸೆಪ್ಟೆಂಬರ್ 21ರಂದು ಚಂದ್ರಯಾನ-3ರ ಯಶಸ್ಸನ್ನು ಕುರಿತ ಚರ್ಚೆಯಲ್ಲಿ ಲೋಕಸಭಾ ಸದಸ್ಯರೊಬ್ಬರು ಮತ್ತೊಬ್ಬ ಸದಸ್ಯರ ಧರ್ಮವನ್ನು ಹೀಯಾಳಿಸಿ ಬೈದರು. ಆ ಮಾತುಗಳನ್ನು ಕಡತದಿಂದ ತೆಗೆದುಹಾಕಲಾಯಿತು. ದೂರುಗಳು ಹಕ್ಕುಬಾಧ್ಯತಾ ಸಮಿತಿಗೆ ಹೋದವು. ಅದೇ ಮಾತನ್ನು ಬೀದಿಯಲ್ಲಿ ಆಡಿದ್ದರೆ ಪೊಲೀಸ್ ಠಾಣೆಯ ಮೆಟ್ಟಿಲೇರಬೇಕಾಗುತ್ತಿತ್ತು. ಆದರೂ ಈ ರಕ್ಷಣೆಯನ್ನು ಸಡಿಲಿಸಿದರೆ, ಅಧಿಕಾರದಲ್ಲಿರುವವರನ್ನು ಟೀಕಿಸುವ ಸದಸ್ಯರೇ ಮೊದಲು ಕಟಕಟೆಯಲ್ಲಿ ನಿಲ್ಲಬೇಕಾದೀತು.

ಕೃತ್ಯಕ್ಕೆ ಇಂಥ ರಕ್ಷಣೆಯಿಲ್ಲ. 2015ರ ಮಾರ್ಚ್ 13ರಂದು ಕೇರಳ ವಿಧಾನಸಭೆಯಲ್ಲಿ ಆಯವ್ಯಯ ಮಂಡನೆಯನ್ನು ತಡೆಯಲು ಕೆಲವು ಶಾಸಕರು ಸಭಾಧ್ಯಕ್ಷರ ವೇದಿಕೆಯನ್ನೇರಿ ಕುರ್ಚಿ, ಕಂಪ್ಯೂಟರ್, ಮೈಕುಗಳನ್ನು ಹಾಳುಗೆಡವಿದರೆಂಬ ಮೊಕದ್ದಮೆ ದಾಖಲಾಯಿತು. ನಷ್ಟದ ಅಂದಾಜು 2.20 ಲಕ್ಷ ರೂಪಾಯಿ. ಪೊಲೀಸರಿಗೆ ದೂರಿತ್ತವರು ಶಾಸನಸಭೆಯ ಕಾರ್ಯದರ್ಶಿಯವರೇ ಎಂಬುದು ಗಮನಿಸತಕ್ಕ ಸಂಗತಿ. ಮುಂದೆ ಸರ್ಕಾರ ಬದಲಾದಾಗ ಮೊಕದ್ದಮೆಯನ್ನು ಹಿಂತೆಗೆಯುವ ಪ್ರಯತ್ನ ನಡೆಯಿತು. 2021ರ ಜುಲೈ 28ರಂದು ಸರ್ವೋಚ್ಚ ನ್ಯಾಯಾಲಯವು ಅದಕ್ಕೆ ಅನುಮತಿ ನಿರಾಕರಿಸಿತು. ಸದಸ್ಯರ ವಿಶೇಷಾಧಿಕಾರಗಳು ಅವರ ಕರ್ತವ್ಯ ನಿರ್ವಹಣೆಗಾಗಿ ಇರುವಂಥವು. ಸಾರ್ವಜನಿಕ ಸ್ವತ್ತನ್ನು ಒಡೆಯುವುದು ವಾಕ್ ಸ್ವಾತಂತ್ರ್ಯವೂ ಅಲ್ಲ, ಶಾಸಕರ ಕರ್ತವ್ಯವೂ ಅಲ್ಲ ಎಂಬುದು ಆ ತೀರ್ಪಿನ ಸಾರ. ಮೇಜು ಕುರ್ಚಿಗೆ ಅನ್ವಯವಾಗುವ ಈ ನ್ಯಾಯ ಸಹ ಸದಸ್ಯರ ಮೈಮೇಲಿನ ಪೆಟ್ಟಿಗೂ ಅನ್ವಯವಾಗಲೇಬೇಕಷ್ಟೆ.

ಸದನದ ಆವರಣದೊಳಗೆ ಬಂಧಿಸಲು ಸಭಾಧ್ಯಕ್ಷರ ಅನುಮತಿ ಬೇಕೆಂಬುದು ನಿಜ. ಆದರೆ ದೂರು, ತನಿಖೆ, ವಿಚಾರಣೆಗಳು ಸಾಮಾನ್ಯ ಕಾನೂನಿನ ದಾರಿಯಲ್ಲಿಯೇ ಸಾಗುತ್ತವೆ. ಅಪರಾಧ ಸಾಬೀತಾಗಿ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚಿನ ಕಾರಾಗೃಹವಾಸವಾದರೆ, ಜನತಾ ಪ್ರಾತಿನಿಧ್ಯ ಅಧಿನಿಯಮದ 8ನೆಯ ಪ್ರಕರಣದಂತೆ ಸದಸ್ಯತ್ವವೇ ಹೋಗುತ್ತದೆ. ಬಿಡುಗಡೆಯ ನಂತರವೂ ಆರು ವರ್ಷ ಚುನಾವಣೆಗೆ ನಿಲ್ಲುವಂತಿಲ್ಲ. ಮೇಲ್ಮನವಿ ಸಲ್ಲಿಸಿ ಸ್ಥಾನದಲ್ಲಿ ಮುಂದುವರಿಯಲು ಹಾಲಿ ಸದಸ್ಯರಿಗೆ ಮೊದಲು ಅವಕಾಶವಿತ್ತು. 2013ರ ಜುಲೈ 10ರ ಲಿಲಿ ಥಾಮಸ್ ಪ್ರಕರಣದ ತೀರ್ಪಿನಿಂದ ಆ ಅವಕಾಶವೂ ರದ್ದಾಗಿದೆ.